ಹಗಲ ಹೆಡ್‌ಲೈಟು: ಒಂದು ನಿಯಮ ಮತ್ತು ಎದುರಿನವರ ಕಣ್ಣು



ಭಾಗ್ಯನಗರದಿಂದ ಕೊಪ್ಪಳಕ್ಕೆ ಹೊಸ ಬೈಕಿನಲ್ಲಿ ಹೊರಟವರನ್ನು ನೋಡಿ. ರೈಲ್ವೆ ಮೇಲ್ಸೇತುವೆ ಹತ್ತಿ ಇಳಿಯುವುದರೊಳಗೆ ಎದುರಿನಿಂದ ಬಂದವರು ಯಾರಾದರೂ ಕೈ ಎತ್ತಿ ಬೆರಳು ಮುಚ್ಚಿ ತೆರೆದು ಸನ್ನೆ ಮಾಡುತ್ತಾರೆ. ಎಲ್ಲಾದರೂ ನಿಂತರೆ ಪಕ್ಕದವರು ಬಾಗಿ, "ಅಣ್ಣಾರ, ಲೈಟ್ ಹತ್ತೈತಿ ನೋಡ್ರಿ" ಅನ್ನುತ್ತಾರೆ. ಗುರುತು ಪರಿಚಯ ಇಲ್ಲದವರ ಬ್ಯಾಟರಿ ಹಾಳಾಗಬಾರದು ಎಂದು ಕಾಳಜಿ ಮಾಡುವ ಜನ ನಾವು. ಈ ಗುಣ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆದರೆ ಅದೇ ಸನ್ನೆ ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. 2017ರ ಏಪ್ರಿಲ್ 1ರಿಂದ ಈ ದೇಶದಲ್ಲಿ ಮಾರಾಟವಾಗುವ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಇಂಜಿನ್ ಚಾಲೂ ಆದೊಡನೆ ತಾನಾಗಿಯೇ ಹತ್ತಬೇಕು, ಇಂಜಿನ್ ನಿಲ್ಲುವವರೆಗೆ ಹತ್ತಿಕೊಂಡೇ ಇರಬೇಕು ಎಂಬ ನಿಯಮ ಇದೆ. ಇಷ್ಟು ವರ್ಷ ಆದ ಮೇಲೂ ನಾವು ಒಬ್ಬರಿಗೊಬ್ಬರು ಅದನ್ನು ಆರಿಸಲು ಹೇಳುತ್ತಿದ್ದೇವೆ. ನಿಯಮ ಬೈಕಿನ ವೈರಿಂಗಿನಲ್ಲಿ ಬಂದು ಕೂತಿತು, ನಮ್ಮ ಮಾತಿನಲ್ಲಿ ಮಾತ್ರ ಬಂದು ಕೂರಲಿಲ್ಲ. ಇವತ್ತಿನ ನನ್ನ ಉಪನ್ಯಾಸವೆಲ್ಲ ಈ ಕೊರತೆಯ ಬಗ್ಗೆ.

ದತ್ತಿ ಉಪನ್ಯಾಸಕ್ಕೆ ವಚನ, ಶಾಸನ, ಕಾವ್ಯದಂಥ ವಿಷಯ ಆರಿಸುವುದು ವಾಡಿಕೆ. ರಸ್ತೆಯ ವಿಷಯ ಮಾತಾಡುತ್ತೇನೆ ಎಂದಾಗ ಒಪ್ಪಿದ ಹಿರಿಯರಿಗೆ ಶರಣು. ವಿಜ್ಞಾನ ಕಲಿಸಿದ ನನಗೆ ಬೆಳಕು ಮತ್ತು ಕಣ್ಣು ಪಾಠದ ವಿಷಯಗಳು. ಹಾಗೆಂದು ಶಾಸನವನ್ನು ಪೂರ್ತಿ ಬಿಟ್ಟೇನೂ ಬಂದಿಲ್ಲ. ಇಲ್ಲಿಂದ ಕೂಗಳತೆಯಲ್ಲಿ ಗವಿಮಠದ ಬೆಟ್ಟದ ಮೇಲೆ, ಆಚೆ ಪಾಲ್ಕಿಗುಂಡಿನ ಮೇಲೆ ಅಶೋಕನ ಕಿರುಶಾಸನಗಳಿವೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಬರಹ ಧರ್ಮದ ಮಾತನ್ನು ಹೇಳಿ ಸುಮ್ಮನಾಗುವುದಿಲ್ಲ. ದೊಡ್ಡವರೂ ಸಣ್ಣವರೂ ಇದನ್ನು ತಿಳಿಯಲಿ, ನಡೆಯಲ್ಲಿ ತರಲು ಶ್ರಮಿಸಲಿ ಎಂದೂ ಹೇಳುತ್ತದೆ. ಆಜ್ಞೆ ಹೊರಡಿಸಿದವನು ಅದನ್ನು ಜನರಿಗೆ ಮುಟ್ಟಿಸುವ ಹೊಣೆಯನ್ನೂ ಹೊತ್ತ. ನಮ್ಮ ಹೆಡ್‌ಲೈಟಿನ ನಿಯಮಕ್ಕೆ ಆ ಭಾಗ್ಯ ಸಿಗಲಿಲ್ಲ.

ನಿಯಮ ಬಂದ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. 2014ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿಯನ್ನು ನೇಮಿಸಿತು. ಬೈಕುಗಳ ದೀಪ ಹಗಲಲ್ಲೂ ಹತ್ತಿರಬೇಕು ಎಂಬುದಕ್ಕೆ ಆ ಸಮಿತಿಯ ಒತ್ತಾಸೆಯೂ ಇತ್ತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ಅದನ್ನು ಸೇರಿಸಿತು. ಹೊಗೆಯ ಅಳತೆಗೆ ಸಂಬಂಧಪಟ್ಟ ಬಿಎಸ್-4 ನಿಯಮ ಜಾರಿಗೆ ಬಂದ ದಿನವೇ ಇದೂ ಜಾರಿಗೆ ಬಂತು.

ಆ ವಾರ ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಏಪ್ರಿಲ್ 1ರಿಂದ ಬಿಎಸ್-3 ಗಾಡಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2017ರ ಮಾರ್ಚ್ 29ರಂದು ಹೇಳಿಬಿಟ್ಟಿತು. ದೇಶದಲ್ಲಿ ಮಾರಾಟವಾಗದೆ ನಿಂತಿದ್ದ ಅಂಥ ಗಾಡಿಗಳು ಎಂಟು ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿ 6.7 ಲಕ್ಷ ದ್ವಿಚಕ್ರ ವಾಹನಗಳು. ಉಳಿದದ್ದು ಎರಡೇ ದಿನ. ಶೋರೂಮಿನವರು ಹತ್ತು ಸಾವಿರ, ಅದಕ್ಕೂ ಮೇಲೆ ರಿಯಾಯಿತಿ ಕೊಟ್ಟರು, ಜನ ಮುಗಿಬಿದ್ದು ಕೊಂಡರು. ಹಾಗೆ ಮನೆಗೆ ಬಂದ ಗಾಡಿಗಳಲ್ಲಿ ಹೆಚ್ಚಿನವು ಬಲಗೈ ಹಿಡಿಯ ಹತ್ತಿರ ಹೆಡ್‌ಲೈಟಿನ ಸ್ವಿಚ್ಚು ಇರುವ ಹಳೆಯ ಮಾದರಿಯವು. ಅವುಗಳ ನೋಂದಣಿ 15 ವರ್ಷದ್ದು, ಅಂದರೆ 2032ರವರೆಗೆ. ತಾನಾಗಿ ದೀಪ ಹತ್ತುವ ನಿಯಮ ಜಾರಿಯಾದ ವಾರವೇ ದೀಪ ಹತ್ತದ ಗಾಡಿಗಳು ಅಷ್ಟೊಂದು ಸಂಖ್ಯೆಯಲ್ಲಿ ರಸ್ತೆಗೆ ಇಳಿದವು. ಈ ಗಾಡಿಗಳ ವಿಷಯಕ್ಕೆ ಮತ್ತೆ ಬರುತ್ತೇನೆ.

ಈಗ ಕಣ್ಣಿನ ಕಡೆ ಬರೋಣ. ಇದನ್ನು ತಿಳಿಯದೆ ಮುಂದಿನ ಮಾತು ಯಾವುದೂ ಕೂರುವುದಿಲ್ಲ.

ಗದಗಿನಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಗೆ ಹಳ್ಳಿಯ ರಸ್ತೆ ಬಂದು ಸೇರುವ ಒಂದು ಕ್ರಾಸನ್ನು ನೆನೆಸಿಕೊಳ್ಳಿ. ಹಳ್ಳಿಯ ಕಡೆಯಿಂದ ಒಂದು ಟ್ರ್ಯಾಕ್ಟರ್ ಟ್ರೇಲರ್ ಸಮೇತ ಬಂದು ನಿಂತಿದೆ, ರಸ್ತೆ ದಾಟಬೇಕು. ಚಾಲಕ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಗೇರು ಹಾಕಿದ. ನೂರು ಮೀಟರ್ ಆಚೆ ಒಂದು ಬೈಕು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ಆ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ನೂರು ಮೀಟರ್ ಅಂದರೆ ಆರೇ ಸೆಕೆಂಡು. ಟ್ರೇಲರ್ ಸಮೇತ ಟ್ರ್ಯಾಕ್ಟರು ನಿಂತಲ್ಲಿಂದ ಹೊರಟು ಹೆದ್ದಾರಿ ದಾಟಲು ಆರು ಸೆಕೆಂಡು ಸಾಲದು.

ಬೈಕು ಆ ಚಾಲಕನಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ? ಇಲ್ಲೇ ಕೂತಲ್ಲೇ ನಿಮ್ಮ ಕೈ ನೇರ ಚಾಚಿ ಹೆಬ್ಬೆರಳು ಎತ್ತಿ. ನೂರು ಮೀಟರ್ ದೂರದ ಲಾರಿಯ ಮುಖ ಹೆಚ್ಚುಕಡಿಮೆ ಆ ಉಗುರಿನಷ್ಟು ಅಗಲ. ಕಾರು ಉಗುರಿನ ಮೂರರಲ್ಲಿ ಎರಡು ಪಾಲು. ಬೈಕು ಮತ್ತು ಅದರ ಮೇಲೆ ಕೂತವರು ಸೇರಿ ಮೂರರಲ್ಲಿ ಒಂದು ಪಾಲು. ಅಷ್ಟು ಸಣ್ಣ ಆಕಾರ, ಹಿಂದೆ ಬೇವಿನ ಗಿಡದ ನೆರಳು, ಕಪ್ಪು ಮಣ್ಣಿನ ಹೊಲ, ಡಾಂಬರಿನ ಮೇಲೆ ಕುಣಿಯುವ ಝಳ. ಗಾಡಿಯೂ ಕಪ್ಪು, ಹಾಕಿದ ಅಂಗಿಯೂ ಮಾಸಲು. ಕಣ್ಣು ಅದರ ಮೇಲೆ ಹಾದುಹೋಗುತ್ತದೆ, ಮನಸ್ಸಿಗೆ ದಾಖಲಾಗುವುದಿಲ್ಲ. ಅಪಘಾತ ಆದ ಮೇಲೆ ಎಲ್ಲ ಊರಿನಲ್ಲೂ ಕೇಳಿಬರುವ ಮಾತು ಒಂದೇ: "ನೋಡಿದ್ದೆ ರೀ, ಯಾರೂ ಇರಲಿಲ್ಲ." ಅದು ಸುಳ್ಳಲ್ಲ. ಅವರು ನೋಡಿರುತ್ತಾರೆ, ಕಂಡಿರುವುದಿಲ್ಲ.

ಇದಕ್ಕೆ ಇನ್ನೂ ಒಂದು ತೊಡಕು ಇದೆ. ಎದುರಿನಿಂದ ಬರುವ ವಸ್ತುವಿನ ವೇಗವನ್ನು ಕಣ್ಣು ಅಳೆಯುವುದು ಅದರ ಆಕಾರ ಎಷ್ಟು ಬೇಗ ಹಿಗ್ಗುತ್ತದೆ ಎಂಬುದರಿಂದ. ಲಾರಿ ಹತ್ತಿರ ಬಂದಂತೆ ಕಣ್ಣ ತುಂಬ ಹಿಗ್ಗುತ್ತದೆ, ನಮಗೆ ಭಯವಾಗುತ್ತದೆ, ಕಾಲು ಬ್ರೇಕಿನ ಮೇಲೆ ಹೋಗುತ್ತದೆ. ಬೈಕು ಬಹಳ ಹತ್ತಿರ ಬರುವವರೆಗೆ ಸಣ್ಣದಾಗಿಯೇ ಇರುತ್ತದೆ. ಕೊನೆಯ ಒಂದೆರಡು ಸೆಕೆಂಡಿನಲ್ಲಿ ದಿಢೀರನೆ ದೊಡ್ಡದಾಗುತ್ತದೆ. ಸಣ್ಣದು ದೂರದಲ್ಲಿದೆ, ನಿಧಾನವಾಗಿ ಬರುತ್ತಿದೆ ಎಂದು ನಮ್ಮ ಮಿದುಳು ತಾನೇ ತೀರ್ಮಾನಿಸಿಬಿಡುತ್ತದೆ. ಇದು ಅಜಾಗರೂಕರ ಕಣ್ಣಿಗೆ ಮಾತ್ರ ಅಂಟಿದ ದೋಷವಲ್ಲ, ಎಲ್ಲರ ಕಣ್ಣೂ ಹೀಗೆಯೇ.

ಹೆಡ್‌ಲೈಟು ಬೈಕನ್ನು ದೊಡ್ಡದು ಮಾಡುವುದಿಲ್ಲ. ಸುತ್ತಲಿನ ಹಿನ್ನೆಲೆಯಿಂದ ಅದನ್ನು ಬೇರ್ಪಡಿಸುತ್ತದೆ, ಅಷ್ಟೇ. ಹಸಿರು, ಕಂದು, ಬೂದು ಬಣ್ಣಗಳ ನಡುವೆ ಒಂದು ಬಿಳಿ ಚುಕ್ಕೆ ಇದ್ದರೆ ಓಡಾಡುವ ಕಣ್ಣು ಅಲ್ಲಿ ತಡೆದು ನಿಲ್ಲುತ್ತದೆ. ಆ ಒಂದು ಕ್ಷಣದ ತಡೆಯೇ ಟ್ರ್ಯಾಕ್ಟರಿನ ಕ್ಲಚ್ಚನ್ನು ಮತ್ತೆ ಒತ್ತಿಸುವುದು. ಹಗಲಲ್ಲಿ ಈ ದೀಪ ಬೈಕ್ ಓಡಿಸುವವರಿಗೆ ದಾರಿ ತೋರಿಸಲು ಇರುವುದಲ್ಲ; ಇದು ಇರುವುದು ಎದುರಿನವರಿಗಾಗಿ. "ಹಗಲಲ್ಲಿ ನನಗ್ಯಾಕ ಲೈಟು" ಎಂದು ಕೇಳುವವರಿಗೆ ಈ ಒಂದು ಮಾತನ್ನು ಶೋರೂಮಿನಲ್ಲಿ, ಆರ್‌ಟಿಒ ಕಚೇರಿಯಲ್ಲಿ, ಶಾಲೆಯಲ್ಲಿ ಯಾರಾದರೂ ಹೇಳಿದ್ದರೆ ಅರ್ಧ ಕೆಲಸ ಆಗುತ್ತಿತ್ತು.

ಇದು ಬರೀ ಊಹೆಯಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಎಂಬುವರು ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೇ ತಮ್ಮ ತಂಡವನ್ನು ಕಳಿಸಿ ಪರೀಕ್ಷಿಸಿದರು. 1981ರಲ್ಲಿ ಅವರ ವರದಿ ಹೊರಬಂತು. ಬೈಕಿಗೆ ಇನ್ನೊಂದು ವಾಹನ ಢಿಕ್ಕಿಯಾದ ಪ್ರಸಂಗಗಳಲ್ಲಿ ಮೂರರಲ್ಲಿ ಎರಡು ಪಾಲು, ಆ ಇನ್ನೊಂದು ವಾಹನದವರು ಬೈಕಿನ ದಾರಿಗೆ ಅಡ್ಡ ಬಂದದ್ದರಿಂದ ಆದವು. ಬೈಕನ್ನು ಕಾಣದೆ ಹೋದದ್ದೇ ಅದರ ದೊಡ್ಡ ಕಾರಣ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 1990ರ ದಶಕದಲ್ಲಿ ಗಾಯಗೊಂಡ ಸವಾರರನ್ನೂ ಗಾಯವಾಗದ ಸವಾರರನ್ನೂ ಹೋಲಿಸಿ ನೋಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹಗಲಲ್ಲಿ ಹೆಡ್‌ಲೈಟು ಹಾಕಿದ್ದವರಲ್ಲಿ ಗಾಯದ ಅಪಾಯ ಶೇ 27ರಷ್ಟು ಕಡಿಮೆ ಇತ್ತು. ಬಿಳಿ ಹೆಲ್ಮೆಟ್ ಹಾಕಿದ್ದವರಲ್ಲಿ ಶೇ 24, ಹೊಳೆಯುವ ಬಣ್ಣದ ಜಾಕೀಟು ತೊಟ್ಟಿದ್ದವರಲ್ಲಿ ಶೇ 37ರಷ್ಟು ಕಡಿಮೆ. ಬಿಳಿ ಹೆಲ್ಮೆಟ್ಟಿಗೆ ಕಪ್ಪು ಹೆಲ್ಮೆಟ್ಟಿಗಿಂತ ಒಂದು ರೂಪಾಯಿಯೂ ಹೆಚ್ಚಿಲ್ಲ. ಅಂಗಡಿಗೆ ಹೋದಾಗ ದಯವಿಟ್ಟು ಈ ಮಾತು ನೆನಪಿಡಿ.

ಕಾನೂನಿನ ದಾರಿಯಲ್ಲಿ ಬೇರೆಯವರು ನಮಗಿಂತ ಬಹಳ ಹಿಂದೆಯೇ ನಡೆದಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 1978ರಿಂದ ತಯಾರಾದ ಬೈಕುಗಳ ದೀಪ ಇಂಜಿನ್ ಜೊತೆಗೇ ಹತ್ತಬೇಕು ಎಂಬ ಕಾನೂನಿದೆ. ಸ್ವೀಡನ್ 1977ರಲ್ಲಿ ಎಲ್ಲ ವಾಹನಗಳಿಗೂ ಹಗಲ ದೀಪ ಕಡ್ಡಾಯ ಮಾಡಿತು. ಯುರೋಪಿನ ಬೈಕ್ ತಯಾರಕರು 2003ರ ಹೊತ್ತಿಗೆ ತಾವಾಗಿಯೇ ಈ ಪದ್ಧತಿಗೆ ಬಂದರು. "ಅವು ಚಳಿ, ಮಂಜು, ಮಬ್ಬಿನ ದೇಶಗಳು, ನಮ್ಮ ಉರಿಬಿಸಿಲಿಗೆ ಇದೇಕೆ" ಎನ್ನುವವರಿದ್ದಾರೆ. 2017ರಲ್ಲಿ ದೇಶದ ಎಲ್ಲ ಕಡೆ ಕೇಳಿಬಂದ ಆಕ್ಷೇಪ ಇದು. ಆದ್ದರಿಂದ ನಾನು ಹೆಚ್ಚು ಬೆಲೆ ಕೊಡುವುದು ಮಲೇಷಿಯಾದ ಅನುಭವಕ್ಕೆ. ಆ ದೇಶ ಭೂಮಧ್ಯರೇಖೆಯ ಹತ್ತಿರ ಇದೆ, ಬಿಸಿಲಿಗೆ ಅಲ್ಲೇನೂ ಬರವಿಲ್ಲ, ನಮ್ಮಂತೆಯೇ ಬೈಕುಗಳ ದೇಶ. 1992ರ ಜುಲೈನಲ್ಲಿ ಅವರು ಮೊದಲು ಪ್ರಚಾರ ಶುರುಮಾಡಿದರು. ದೀಪ ಯಾಕೆ ಹಾಕಬೇಕು ಎಂದು ಜನರಿಗೆ ತಿಳಿಸಿ, ಸೆಪ್ಟೆಂಬರಿನಲ್ಲಿ ಕಾನೂನು ಜಾರಿ ಮಾಡಿದರು. ರಾದಿನ್ ಉಮರ್ ಮತ್ತು ಸಂಗಡಿಗರು ಸೆರೆಂಬಾನ್ ಮತ್ತು ಶಾ ಆಲಮ್ ಎಂಬ ಎರಡು ಊರುಗಳ ಲೆಕ್ಕ ತೆಗೆದಾಗ, ಕಾಣದೆ ಹೋದದ್ದರಿಂದ ಆಗುವ ಬಗೆಯ ಬೈಕ್ ಅಪಘಾತಗಳು ಶೇ 29ರಷ್ಟು ಇಳಿದಿದ್ದವು. ಅಲ್ಲಿ ಮೊದಲು ಮಾತು, ಆಮೇಲೆ ಕಾನೂನು. ನಮ್ಮಲ್ಲಿ ಕಾನೂನು ಬಂತು, ಮಾತು ಇನ್ನೂ ದಾರಿಯಲ್ಲಿದೆ.

ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ. ಬ್ಯಾಟರಿ ಇಳಿಯುತ್ತದೆ ಎಂಬುದು ಮೊದಲನೆಯದು. ದೀಪ ಹತ್ತುವುದೇ ಇಂಜಿನ್ ಚಾಲೂ ಆದ ಮೇಲೆ. ಇಂಜಿನ್ ತಿರುಗುವಾಗ ಮ್ಯಾಗ್ನೆಟ್ ಕಾಯಿಲಿನಲ್ಲಿ ವಿದ್ಯುತ್ತು ಹುಟ್ಟುತ್ತಲೇ ಇರುತ್ತದೆ, ದೀಪ ಉರಿಯುವುದು ಅದರ ಮೇಲೆ. ಪೆಟ್ರೋಲು ಹೆಚ್ಚು ಕುಡಿಯುತ್ತದೆ ಎಂಬುದು ಎರಡನೆಯದು. ಸಾಮಾನ್ಯ ಬೈಕಿನ ಹೆಡ್‌ಲೈಟ್ ಬಲ್ಬು 35 ವ್ಯಾಟಿನದು. ನೂರು ಸಿಸಿ ಇಂಜಿನ್ನಿನ ಪೂರ್ತಿ ಶಕ್ತಿ ಎಂಟು ಎಚ್‌ಪಿ ಹತ್ತಿರ, ಅಂದರೆ ಸುಮಾರು ಆರು ಸಾವಿರ ವ್ಯಾಟ್. ಖರ್ಚು ಇಲ್ಲವೆಂದಲ್ಲ, ಇದೆ. ಆದರೆ ಗಾಳಿ ಕಡಿಮೆಯಾದ ಟೈರು, ಸಡಿಲವಾದ ಚೈನು ತಿನ್ನುವ ಪೆಟ್ರೋಲಿನ ಮುಂದೆ ಅದನ್ನು ದೊಡ್ಡದು ಮಾಡುವಂತಿಲ್ಲ. ಎಲ್‌ಇಡಿ ಬಂದ ಮೇಲಂತೂ ಅದು ಇನ್ನಷ್ಟು ಇಳಿದಿದೆ. ಪೂರ್ತಿ ಹೆಡ್‌ಲೈಟಿನ ಬದಲು ಹಗಲಿಗೆಂದೇ ಮಾಡಿದ ಸಣ್ಣ ದೀಪಪಟ್ಟಿಗೂ ನಿಯಮದಲ್ಲಿ ಅವಕಾಶ ಇದೆ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು: ಎಲ್ಲರ ದೀಪವೂ ಹತ್ತಿದ್ದರೆ ಬೈಕಿನದು ಎದ್ದು ಕಾಣುವುದು ಹೇಗೆ? ಆಸ್ಟ್ರಿಯಾ ದೇಶ 2005ರ ನವೆಂಬರಿನಲ್ಲಿ ಎಲ್ಲ ವಾಹನಗಳಿಗೂ ಹಗಲ ದೀಪ ಕಡ್ಡಾಯ ಮಾಡಿ, 2008ರ ಜನವರಿಯಲ್ಲಿ ಆ ನಿಯಮ ಹಿಂದಕ್ಕೆ ಪಡೆಯಿತು. ಕಾರುಗಳ ದೀಪದ ಸಾಲಿನಲ್ಲಿ ಬೈಕು, ಸೈಕಲ್ಲು, ನಡೆದು ಹೋಗುವವರು ಕಾಣದೆ ಹೋಗುತ್ತಾರೆ ಎಂಬ ಆತಂಕ ಅದರ ಹಿಂದೆ ಇತ್ತು. ನಮ್ಮ ಹೊಸ ಕಾರುಗಳಲ್ಲಿಯೂ ಈಗ ಹಗಲ ದೀಪಗಳು ಬರುತ್ತಿವೆ. ಹೀಗಾಗಿ ದೀಪ ಇದೆ ಎಂದು ನೆಚ್ಚಿಕೊಂಡು ಕೂರುವಂತಿಲ್ಲ.

ಬೆಳಕಿನ ಪಾಠ ಮಾಡಿದವನಾಗಿ ನಾಲ್ಕನೆಯದೊಂದನ್ನು ನಾನೇ ಸೇರಿಸುತ್ತೇನೆ. ದೀಪ ಕೆಲವು ಹೊತ್ತು ಮರೆಯನ್ನೂ ಮಾಡಬಲ್ಲದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಅವೆಂಜರ್ ವಿಮಾನದ ಮುಂಭಾಗಕ್ಕೆ ಸಾಲಾಗಿ ದೀಪ ಕಟ್ಟಿ ಪ್ರಯೋಗ ಮಾಡಿತು. ಬೆಳಗುವ ಆಕಾಶದ ಎದುರು ಕಪ್ಪಾಗಿ ಕಾಣುವ ವಿಮಾನ, ದೀಪದ ಬೆಳಕು ಆಕಾಶದ ಬೆಳಕಿಗೆ ಸರಿಹೊಂದಿದಾಗ ಕಣ್ಣಿಗೆ ಬೀಳಲೇ ಇಲ್ಲ. ಹನ್ನೆರಡು ಮೈಲಿ ದೂರಕ್ಕೆ ಕಾಣುತ್ತಿದ್ದದ್ದು ಎರಡು ಮೈಲಿಗೆ ಬರುವವರೆಗೂ ಕಾಣದಾಯಿತು. ನಮ್ಮ ಗದಗ–ಹೊಸಪೇಟೆ ಹೆದ್ದಾರಿ ಪಶ್ಚಿಮದಿಂದ ಪೂರ್ವಕ್ಕೆ ಹಾಸಿಕೊಂಡಿದೆ. ಬೆಳಗಿನ ಹೊತ್ತು ಹೊಸಪೇಟೆ ಕಡೆಗೆ ಹೋಗುವವರ ಮುಖಕ್ಕೆ ಸೂರ್ಯ, ಸಂಜೆ ಗದಗಿನ ಕಡೆಗೆ ಹೋಗುವವರ ಮುಖಕ್ಕೆ ಸೂರ್ಯ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ನಿಮಗೆ ರಸ್ತೆ ನಿಚ್ಚಳವಾಗಿ ಕಾಣುತ್ತದೆ. ಎದುರಿನಿಂದ ಬರುವ ಲಾರಿಯವರಿಗೆ ಮಾತ್ರ ನೀವು ಕಾಣುವುದಿಲ್ಲ, ಅವರ ಕಣ್ಣು ತುಂಬಿರುವುದು ಸೂರ್ಯನಿಂದ. ಹಗಲ ದೀಪ ಆ ಸೂರ್ಯನನ್ನು ಗೆಲ್ಲಲಾರದು. ನನ್ನ ನೆರಳು ನನ್ನ ಮುಂದೆ ಉದ್ದಕ್ಕೆ ಚಾಚಿದೆ ಎಂದರೆ ಎದುರಿನವರಿಗೆ ನಾನು ಕಾಣುತ್ತಿಲ್ಲ ಎಂದೇ ತಿಳಿದು ನಡೆಸಬೇಕು. ಆ ಅರ್ಧ ಮುಕ್ಕಾಲು ಗಂಟೆ ಓವರ್‌ಟೇಕ್ ಬೇಡ, ಕ್ರಾಸಿನಲ್ಲಿ ವೇಗ ಇಳಿಸಿ. ಕುಷ್ಟಗಿಯಿಂದ ಹಿಟ್ನಾಳದ ಕಡೆ ಇಳಿಯುವ ಹೆದ್ದಾರಿ ಉತ್ತರದಿಂದ ದಕ್ಷಿಣಕ್ಕೆ ಇರುವುದರಿಂದ ಅಲ್ಲಿ ಈ ಕಾಟ ಕಡಿಮೆ.

ಸಭಿಕರಲ್ಲಿ ಲೆಕ್ಕ ಬಲ್ಲವರು ಕೇಳಬಹುದು: ನಿಯಮ ಬಂದ ಮೇಲೆ ಸಾವು ಇಳಿಯಿತೇ? ಸಚಿವಾಲಯದ ವರದಿಗಳನ್ನೇ ನೋಡಿ. 2017ರಲ್ಲಿ ರಸ್ತೆಯಲ್ಲಿ ಸತ್ತವರು 1,47,913 ಮಂದಿ, ಅವರಲ್ಲಿ ದ್ವಿಚಕ್ರ ವಾಹನದವರು ಮೂರರಲ್ಲಿ ಒಂದು ಪಾಲು. 2022ರಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ದ್ವಿಚಕ್ರ ವಾಹನದವರು ಶೇ 44.5, ಅಂದರೆ ಎಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು. ಸಂಖ್ಯೆ ಏರಿದೆ. ದೀಪ ಹತ್ತಿದ್ದರಿಂದ ಏರಿತು ಎಂದು ಇದರ ಅರ್ಥವಲ್ಲ. ಈ ಐದು ವರ್ಷದಲ್ಲಿ ಬೈಕುಗಳು ಹೆಚ್ಚಾದವು, ರಸ್ತೆಗಳು ಅಗಲವಾದವು, ವೇಗ ಹೆಚ್ಚಿತು. 2022ರ ಸಾವುಗಳಲ್ಲಿ ಹೆಲ್ಮೆಟ್ ಹಾಕದೆ ಸತ್ತ ಸವಾರರು ಮತ್ತು ಹಿಂದೆ ಕೂತವರು ಸೇರಿ ಐವತ್ತು ಸಾವಿರ. ಢಿಕ್ಕಿ ಆಗದಂತೆ ದೀಪ ಸಹಾಯ ಮಾಡಬಹುದು, ಢಿಕ್ಕಿ ಆದಮೇಲೆ ತಲೆ ಉಳಿಸುವುದು ಹೆಲ್ಮೆಟ್ ಒಂದೇ. ಬೈಕು ತಾನೇ ಜಾರಿ ಬಿದ್ದರೆ, ಕುಡಿದು ನಡೆಸಿದರೆ, ಗುಂಡಿಗೆ ಇಳಿದರೆ ದೀಪ ಏನೂ ಮಾಡದು. ದೀಪದಿಂದ ಆಗುವ ಕೆಲಸ ಒಂದೇ ಒಂದು ಬಗೆಯ ಅಪಘಾತದಲ್ಲಿ, ಆದರೆ ಆ ಬಗೆ ಬಹಳ ಸಾಮಾನ್ಯವಾದದ್ದು. ಇದಕ್ಕಿಂತ ಹೆಚ್ಚನ್ನು ಅದರ ಪರವಾಗಿ ನಾನು ಹೇಳುವುದಿಲ್ಲ, ಇದಕ್ಕಿಂತ ಕಡಿಮೆ ಹೇಳಲೂ ಮನಸ್ಸು ಒಪ್ಪುವುದಿಲ್ಲ.

ಇನ್ನು ನಮ್ಮ ಊರಿನ ಮಾತು. ಭಾಗ್ಯನಗರ ದುಡಿಯುವವರ ಊರು. ಮಗ್ಗದ ಮನೆಗಳಿಂದ ಸೀರೆಯ ಗಂಟು ಹೊರಡುವುದು ಬೈಕಿನ ಮೇಲೆ. ಕೂದಲು ವ್ಯಾಪಾರದವರು ಹಳ್ಳಿ ಹಳ್ಳಿ ತಿರುಗಿ ಕೂದಲು ಕೊಂಡು ಚೀಲ ತುಂಬಿ ತರುವುದು ಬೈಕಿನ ಮೇಲೆ. ಹಾಲಿನ ಕ್ಯಾನು, ಕಣಕಿಯ ಹೊರೆ, ಗ್ಯಾಸ್ ಸಿಲಿಂಡರು, ಇಬ್ಬರು ಮಕ್ಕಳು, ಎಲ್ಲವೂ ಅದರ ಮೇಲೆಯೇ. ನಮಗೆ ಬೈಕು ಷೋಕಿಯ ವಸ್ತುವಲ್ಲ, ದುಡಿಮೆಯ ಸಾಮಾನು. ಹೀಗಿರುವಲ್ಲಿ ದೀಪ ನಿಯಮಕ್ಕೆ ತಕ್ಕಂತೆ ಹತ್ತಿದ್ದರೂ ಎದುರಿನವರಿಗೆ ಕಾಣದ ಪ್ರಸಂಗಗಳು ಬಹಳ. ಎಕ್ಸ್‌ಎಲ್ ಗಾಡಿಯ ಮುಂದೆ ಕಾಲಿಡುವ ಜಾಗದಲ್ಲಿ ಚೀಲ ಏರಿಸಿ, ಅದರ ಮೇಲೆ ಇನ್ನೊಂದು ಏರಿಸಿದರೆ ದೀಪದ ಡೂಮ್ ಅರ್ಧ ಮುಚ್ಚುತ್ತದೆ. ಹ್ಯಾಂಡಲ್ಲಿಗೆ ತೂಗುಹಾಕಿದ ಸಂತೆಯ ಚೀಲ ಗಾಳಿಗೆ ತಿರುಗಿ ಗ್ಲಾಸಿನ ಮುಂದೆ ಬಂದು ಕೂರುತ್ತದೆ. ಗಿಣಿಗೇರಾ ಭಾಗದ ಕಾರ್ಖಾನೆಗಳ ಹೊಗೆ ಮತ್ತು ದೂಳಿನಲ್ಲಿ ದಿನಾ ಓಡಾಡುವವರ ಗ್ಲಾಸಿನ ಮೇಲೆ ಒಂದು ಕರಿ ಪದರವೇ ಕಟ್ಟಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಲು ಅರ್ಧ ನಿಮಿಷ ಸಾಕು. ದೀಪದ ಅಗತ್ಯ ಹೆಚ್ಚು ಇರುವುದೂ ಆ ದೂಳಿನಲ್ಲೇ.

ಮಹಾನವಮಿಯ ಗಾಡಿ ಪೂಜೆಯ ಬಗ್ಗೆ ಒಂದು ಮಾತು, ಯಾರೂ ತಪ್ಪು ತಿಳಿಯಬಾರದು. ಬಾಳೆಕಂದು, ಕಬ್ಬು, ಚೆಂಡುಹೂವಿನ ಮಾಲೆ ಎಲ್ಲ ಕಟ್ಟುತ್ತೇವೆ, ಹೆಡ್‌ಲೈಟಿನ ಗ್ಲಾಸಿಗೆ ವಿಭೂತಿಯ ಪಟ್ಟೆ ಎಳೆಯುತ್ತೇವೆ. ಬಾಳೆಎಲೆ ಒಣಗಿ ದೀಪದ ಮುಂದೆ ಜೋತುಬಿದ್ದು ವಾರಗಟ್ಟಲೆ ಹಾಗೇ ಇರುತ್ತದೆ. ಪೂಜೆ ನಂಬರ್ ಪ್ಲೇಟಿನ ಮೇಲಿನ ಮಡ್‌ಗಾರ್ಡಿಗೆ ಆಗಲಿ, ಟ್ಯಾಂಕಿಗೆ ಆಗಲಿ. ದೀಪ ಬೆಳಗಲು ಬಿಡುವುದೂ ಪೂಜೆಯೇ ಎಂದು ಮನೆಯ ಹಿರಿಯರು ಹೇಳಿದರೆ ಮಕ್ಕಳು ಕೇಳುತ್ತಾರೆ.

ಗ್ಯಾರೇಜಿನ ತಮ್ಮಂದಿರಿಗೆ ಒಂದು ವಿನಂತಿ ಇದೆ. "ಲೈಟ್ ಆಫ್ ಮಾಡಾಕ ಒಂದು ಸ್ವಿಚ್ ಕೂಡಿಸಿಕೊಡ್ರಿ" ಎಂದು ಕೇಳಿಕೊಂಡು ಬರುವವರು ಇದ್ದಾರೆ. ನೀವು ಇಲ್ಲ ಅನ್ನಲು ನಿಮಗೆ ಕಾನೂನಿನ ಬೆಂಬಲ ಇದೆ. ತಯಾರಕರು ಕೊಟ್ಟ ಗಾಡಿಯನ್ನು ಅನುಮತಿ ಇಲ್ಲದೆ ಮಾರ್ಪಾಡು ಮಾಡುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅಂಥ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಇದಕ್ಕೆ ತದ್ವಿರುದ್ಧ ಇನ್ನೊಂದು ಬೇಡಿಕೆಯೂ ಇದೆ, ಕಂಪನಿಯ ಬಲ್ಬು ತೆಗೆದು ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಹಾಕಿಸುವುದು. 35 ವ್ಯಾಟಿನ ಬಲ್ಬಿಗೆಂದು ರೂಪಿಸಿದ ಡೂಮಿನಲ್ಲಿ ಬೇರೆ ಆಕಾರದ ಎಲ್‌ಇಡಿ ಕೂಡಿಸಿದರೆ ಬೆಳಕು ಕೆಳಕ್ಕೆ ಬೀಳುವ ಬದಲು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಹಗಲಲ್ಲಿ ಅದು ನಡೆದುಹೋದೀತು. ಕತ್ತಲಾದ ಮೇಲೆ ಎದುರಿನವರನ್ನು ಕುರುಡು ಮಾಡುತ್ತದೆ. ನಮ್ಮ ದೇಶದಲ್ಲಿ ಅಪಘಾತಗಳು ಹೆಚ್ಚು ಆಗುವುದು ಸಂಜೆ ಆರರಿಂದ ಒಂಬತ್ತರ ನಡುವೆ. ಹಗಲೆಲ್ಲ ತಾನಾಗಿ ಹತ್ತಿರುವ ದೀಪದ ರೂಢಿಯಲ್ಲಿ, ಸಂಜೆ ಅದು ಡಿಮ್‌ನಲ್ಲಿದೆಯೋ ಹೈಬೀಮಿನಲ್ಲಿದೆಯೋ ಎಂದು ನೋಡುವುದನ್ನೇ ಮರೆತವರು ಬಹಳ. ಡ್ಯಾಶ್‌ಬೋರ್ಡಿನಲ್ಲಿ ನೀಲಿ ದೀಪ ಕಂಡರೆ ಹೈಬೀಮ್ ಹತ್ತಿದೆ ಎಂದರ್ಥ.

ಕಾಣಿಸಿಕೊಳ್ಳುವ ಹೊಣೆಯನ್ನು ಪೂರ್ತಿ ಸಣ್ಣ ಗಾಡಿಯವರ ಮೇಲೆ ಹಾಕುವುದು ನ್ಯಾಯವಲ್ಲ. ಲಾರಿಯ ಮುಂಗಾಜಿನ ಪಕ್ಕದ ಕಂಬ ಒಂದು ಬೈಕನ್ನು ಇಡಿಯಾಗಿ ಮರೆಮಾಡಬಲ್ಲದು. ಅದರ ಹಿಂದೆ ಇರುವ ಬೈಕಿನ ದೀಪ ಎಷ್ಟು ಬೆಳಗಿದರೂ ಪ್ರಯೋಜನ ಇಲ್ಲ. ಗಾಜಿನ ತುಂಬ ಕುಚ್ಚು, ಪರದೆ, ದೊಡ್ಡ ಸ್ಟಿಕ್ಕರುಗಳನ್ನು ತುಂಬಿಕೊಂಡವರು ಆ ಕಂಬವನ್ನು ತಾವೇ ಇನ್ನಷ್ಟು ಅಗಲ ಮಾಡಿಕೊಂಡಿರುತ್ತಾರೆ. ಕ್ರಾಸಿನಲ್ಲಿ ಸೀಟಿನಿಂದ ಸ್ವಲ್ಪ ಮುಂದಕ್ಕೆ ಬಾಗಿ ಎರಡನೇ ಸಲ ನೋಡುವ ಅಭ್ಯಾಸ ಅವರಿಗೆ ಬೇಕು. ಭತ್ತದ ಸುಗ್ಗಿಯಲ್ಲಿ ಗಂಗಾವತಿ, ಕಾರಟಗಿ ರಸ್ತೆಗಳಲ್ಲಿ ಟ್ರೇಲರ್ ಹಿಂದೆ ದೀಪವೂ ಇಲ್ಲದೆ ಕೆಂಪು ರೇಡಿಯಂ ಪಟ್ಟಿಯೂ ಇಲ್ಲದೆ ನಿಂತಿರುತ್ತದೆ. ಬೈಕಿನವರ ದೀಪಕ್ಕೆ ನಿಯಮ ಹೇಳುವ ನಾವು ಆ ಟ್ರೇಲರಿಗೂ ಅಷ್ಟೇ ಖಡಕ್ಕಾಗಿ ಹೇಳಬೇಕು. ಜಾತ್ರೆಗೆ, ಹುಲಿಗಿಯ ಹುಣ್ಣಿಮೆಗೆ ಹೊರಡುವ ಭಕ್ತರ ಗಾಡಿಗಳಿಗೂ ಈ ಮಾತು ಸಲ್ಲುತ್ತದೆ.

ಕೊನೆಯದಾಗಿ, 2017ರ ಏಪ್ರಿಲ್‌ಗೆ ಮುಂಚಿನ ಗಾಡಿಗಳು. ಹಳೆಯ ಗಾಡಿಗೆ ತಾನಾಗಿ ಹತ್ತುವ ದೀಪ ಜೋಡಿಸಿ ಎಂದು ನಿಯಮ ಹೇಳುವುದಿಲ್ಲ. ಕೈಯಲ್ಲಿ ಸ್ವಿಚ್ಚು ಒತ್ತಿ ಡಿಮ್‌ನಲ್ಲಿ ಹಾಕಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಹೆದ್ದಾರಿ ಹತ್ತುವಾಗ ಹಾಕಿಕೊಳ್ಳಿ. ನಿಲ್ಲಿಸುವಾಗ ಆರಿಸುವುದನ್ನು ಮಾತ್ರ ಮರೆಯಬೇಡಿ, ಪಾರ್ಕಿಂಗ್ ದೀಪ ಉಳಿದರೆ ಬ್ಯಾಟರಿ ಇಳಿಯುವುದು ಆ ಗಾಡಿಗಳಲ್ಲಿ ನಿಜ. ಬಲ್ಬು ಸುಟ್ಟು ತಿಂಗಳುಗಟ್ಟಲೆ ಹಾಗೇ ಓಡಾಡುವವರು ಹೊಸ ಗಾಡಿಯವರಲ್ಲೂ ಇದ್ದಾರೆ. ಹಗಲಲ್ಲಿ ಅದು ಅವರ ಗಮನಕ್ಕೆ ಬರುವುದಿಲ್ಲ. ಬೆಳಿಗ್ಗೆ ಗಾಡಿ ಚಾಲೂ ಮಾಡಿ ಅಂಗೈಯನ್ನು ಗ್ಲಾಸಿನ ಮುಂದೆ ಹಿಡಿದರೆ ಗೊತ್ತಾಗುತ್ತದೆ.

ದೀಪದ ಕೋನವನ್ನೂ ಮನೆಯಲ್ಲೇ ನೋಡಿಕೊಳ್ಳಬಹುದು. ಸಂಜೆ ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ ಐದು ಮೀಟರ್ ದೂರ ಗಾಡಿಯನ್ನು ನೆಟ್ಟಗೆ ಹಿಡಿದು, ದಿನಾ ಇರುವಷ್ಟು ಭಾರ ಹಾಕಿ ಕೂತುಕೊಳ್ಳಿ. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಲು ಮನೆಯವರಿಗೆ ಹೇಳಿ. ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ ಐದರಿಂದ ಹತ್ತು ಸೆಂಟಿಮೀಟರ್ ಕೆಳಗೆ ಬೀಳಬೇಕು. ಮೇಲೆ ಬಿದ್ದರೆ ಡೂಮಿನ ಸ್ಕ್ರೂ ಸ್ವಲ್ಪ ತಿರುಗಿಸಿ ಇಳಿಸಬೇಕು. ಹಿಂದೆ ದಿನಾ ಮೂಟೆ ಹೇರುವವರಾದರೆ ಮೂಟೆ ಹೇರಿಯೇ ನೋಡಬೇಕು, ಯಾಕೆಂದರೆ ಹಿಂಭಾಗ ತಗ್ಗಿದಷ್ಟೂ ದೀಪ ಮೇಲೇಳುತ್ತದೆ. ಅಕ್ಕಪಕ್ಕದ ಮನೆಯವರ ಗಾಡಿಗಳನ್ನೂ ಅದೇ ಗೋಡೆಯ ಮುಂದೆ ತಂದು ನಿಲ್ಲಿಸಿದರೆ ಒಂದು ಸಂಜೆಯಲ್ಲಿ ಇಡೀ ಓಣಿಯ ಗಾಡಿಗಳ ದೀಪ ಸರಿಮಾಡಬಹುದು.